ನಿನ್ನ ಹನ್ನೆರಡು ಮನೆ

ಆಗ ನನಗೆ ಇಪ್ಪತ್ತೊಂದು ವರ್ಷ. ನಮ್ಮ ಸಭೆ ಮೂರು ಕಡೆ ಸೇರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಹಳ್ಳಿಯ ಹೆಂಚಿನ ದೇವಾಲಯದಲ್ಲಿ, ಒಂಬತ್ತೂವರೆಗೆ ಹೊಸ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ, ಹನ್ನೊಂದೂವರೆಗೆ ಪೇಟೆಯ ಹಳೆಯ ಕಲ್ಲಿನ ದೇವಾಲಯದಲ್ಲಿ. ಮೂರೂ ಕಡೆಗೆ ಸಭಾಪಾಲಕರು, ಅಂದರೆ ನಮ್ಮ ಅಯ್ಯನವರು, ಒಬ್ಬರೇ, ಬೈಕೂ ಒಂದೇ. ಬಡಾವಣೆಯ ಆರಾಧನೆ ಮುಗಿದು ಆಶೀರ್ವಾದದ ಮಾತು ಹೇಳಿದವರೇ ಅಯ್ಯನವರು ನಿಲುವಂಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿಯಬೇಕು. ಇಲ್ಲದಿದ್ದರೆ ಪೇಟೆಯ ಗಂಟೆ ಹೊಡೆಯುವ ಹೊತ್ತಿಗೆ ಅಲ್ಲಿರಲಾಗುತ್ತಿರಲಿಲ್ಲ.

ಒಂದು ಭಾನುವಾರ ಆ ಮೆಟ್ಟಿಲ ಬಳಿ ಒಬ್ಬ ತಾಯಿ ಕಂಬಿ ಹಿಡಿದು ನಿಂತಿದ್ದರು. ಅಯ್ಯನವರು ಹತ್ತಿರ ಬಂದಾಗ ಬಾಯಿ ತೆರೆದರು. ಅಯ್ಯನವರು ಕೈಗಡಿಯಾರ ನೋಡಿಕೊಂಡು, ನಿಜವಾದ ನೋವಿನಿಂದಲೇ, "ಮುಂದಿನ ವಾರ ಕೂತು ಮಾತಾಡೋಣಮ್ಮ, ಮರೀಬೇಡಿ" ಎಂದು ಹೇಳಿ ಇಳಿದರು. ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಆ ತಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಧಾನವಾಗಿ ಇಳಿದುಹೋದರು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮೂರು ವಾರದ ಮೇಲೆ ತಿಳಿಯಿತು: ಅವರ ಮಗ ಅಷ್ಟೂ ದಿನ ಆಸ್ಪತ್ರೆಯಲ್ಲಿದ್ದ. ಆ ಮೂರು ಭಾನುವಾರ ಮೂರೂ ಕಡೆ ಹಾಡಿದ್ದೆವು, ಕಾಣಿಕೆ ಎತ್ತಿದ್ದೆವು, ದೇಶಕ್ಕಾಗಿ ಲೋಕಕ್ಕಾಗಿ ಪ್ರಾರ್ಥಿಸಿದ್ದೆವು. ಆ ಹುಡುಗನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಆ ತಾಯಿ ಕಂಬಿ ಹಿಡಿದು ನಿಂತಾಗ ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಮೈಕಿನ ವೈರು ಸುತ್ತುತ್ತಿದ್ದೆ. ಯಾವ ವೈರು ಯಾವ ಪೆಟ್ಟಿಗೆಗೆ ಹೋಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳಿಂದ ಪ್ರತಿ ವಾರ ನೋಡುತ್ತಿದ್ದ ಆ ತಾಯಿಯ ಹೆಸರು ಗೊತ್ತಿರಲಿಲ್ಲ. ತಪ್ಪು ಅಯ್ಯನವರದ್ದಾಗಿರಲಿಲ್ಲ. ಒಬ್ಬ ಮನುಷ್ಯ ಮಾಡಬಹುದಾದಷ್ಟನ್ನೂ ಅವರು ಮಾಡುತ್ತಿದ್ದರು. ಅವರ ಸುತ್ತ ನಿಂತಿದ್ದ ನಾವು ಇಪ್ಪತ್ತು ಜನ ಯುವಕ ಯುವತಿಯರು, ಸಭೆ ನಡೆಸುವುದು ಅವರೊಬ್ಬರ ಕೆಲಸ ಎಂದು ನಂಬಿಕೊಂಡಿದ್ದೆವು. ಆ ಮೆಟ್ಟಿಲನ್ನು ನಾನು ಇಂದಿಗೂ ಮರೆತಿಲ್ಲ. ಆದ್ದರಿಂದಲೇ ಇದನ್ನು ನಿನಗೆ ಬರೆಯುತ್ತಿದ್ದೇನೆ, ತಮ್ಮಾ, ತಂಗೀ.

ನಿನ್ನ ಸಭೆ ಬೆಳೆಯುತ್ತಿದೆ. ಒಂದು ಕಡೆ ಸೇರುತ್ತಿದ್ದವರು ಈಗ ಎರಡು ಕಡೆ, ಮೂರು ಕಡೆ ಸೇರುತ್ತಿದ್ದೀರಿ. ಇದು ಸಂತೋಷಪಡಬೇಕಾದ ಸಂಗತಿ. ನಮ್ಮ ರಾಗಿ ಹೊಲದ ರೈತರನ್ನು ಕೇಳು. ಒಟ್ಟಲಲ್ಲಿ ಒತ್ತಾಗಿ ಬೆಳೆದ ಪೈರನ್ನು ಅಲ್ಲೇ ಬಿಟ್ಟರೆ ಹಸಿರೇನೋ ಕಣ್ಣಿಗೆ ತಂಪಾಗಿರುತ್ತದೆ, ತೆನೆ ಕಟ್ಟುವುದಿಲ್ಲ. ಕಿತ್ತು ಬೇರೆ ಬೇರೆ ಮಡಿಯಲ್ಲಿ ನಾಟಿ ಮಾಡಬೇಕು. ಆದರೆ ಮಡಿ ಹೆಚ್ಚಾದಷ್ಟೂ ನೀರು ಕಟ್ಟುವ ಕೈ ಹೆಚ್ಚಬೇಕು. ಒಬ್ಬನೇ ಎಲ್ಲ ಮಡಿಗೂ ಓಡಾಡಿದರೆ ಒಂದು ಕಡೆ ನೀರು ನಿಂತು ಕೊಳೆಯುತ್ತದೆ, ಇನ್ನೊಂದು ಕಡೆ ಪೈರು ಬಾಡುತ್ತದೆ.

ಲೆಕ್ಕ ಹಾಕಿ ನೋಡೋಣ. ಮೂರು ಕಡೆ ಸೇರುವ ಒಂದು ಸಭೆ, ಒಂದೊಂದು ಕಡೆ ಅರವತ್ತು ಮನೆ ಎಂದುಕೊ. ಒಟ್ಟು 180 ಮನೆ. ಸಭಾಪಾಲಕರು ಮದುವೆ, ಸಮಾಧಿ, ಕಮಿಟಿ, ಕೋರ್ಟು ಕಚೇರಿ ಎಲ್ಲವನ್ನೂ ಬಿಟ್ಟು ವಾರಕ್ಕೆ ಆರು ದಿನ, ದಿನಕ್ಕೆ ಎರಡು ಮನೆಯಂತೆ ಹೋದರೂ ಒಂದು ಸುತ್ತು ಮುಗಿಯಲು 15 ವಾರ ಬೇಕು. ಅಂದರೆ ಒಂದು ಮನೆಗೆ ವರ್ಷಕ್ಕೆ ಮೂರು ಸಲ. ಈಗ ಇನ್ನೊಂದು ಲೆಕ್ಕ. ಹದಿನೈದು ಮಂದಿ ಯುವಜನರು ಎದ್ದು ಒಬ್ಬೊಬ್ಬರು ಹನ್ನೆರಡು ಮನೆ ವಹಿಸಿಕೊಂಡರೆ 180 ಮನೆಯೂ ಮುಗಿಯಿತು. ವಾರಕ್ಕೆ ಮೂರು ಮನೆಗೆ ಹೋದರೆ ಸಾಕು, ಸಭೆಯ ಪ್ರತಿ ಮನೆಯ ಬಾಗಿಲನ್ನೂ ತಿಂಗಳಿಗೊಮ್ಮೆ ಯಾರಾದರೂ ತಟ್ಟಿರುತ್ತಾರೆ. ನಾನು ಹೇಳಬೇಕೆಂದಿರುವುದೆಲ್ಲ ಈ ಲೆಕ್ಕದಲ್ಲಿದೆ: ಹಲವು ಕಡೆ ಸೇರುವ ಸಭೆಯನ್ನು ಒಂದಾಗಿ ಹಿಡಿದಿಡುವುದು ದೊಡ್ಡ ದನಿಯ ಒಬ್ಬ ಪ್ರಸಂಗಿ ಎಂದು ನಾವು ತಿಳಿದಿದ್ದೇವೆ. ಹಿಡಿದಿಡುವವರು ಬೇರೆ. ಒಂದೊಂದು ಜಾಗದಲ್ಲಿ, ಹನ್ನೆರಡು ಹನ್ನೆರಡು ಮನೆಯವರನ್ನು ಹೆಸರು ಹಿಡಿದು ಬಲ್ಲವರು.

ಇದೇನು ಹೊಸ ಉಪಾಯವಲ್ಲ. ವಿಮೋಚನಕಾಂಡದ 18ನೆಯ ಅಧ್ಯಾಯ ತೆರೆದು ನೋಡು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದಾನೆ. ಜನ ಸಾಲುಗಟ್ಟಿ ನಿಂತಿದ್ದಾರೆ. ಅಲ್ಲಿಗೆ ಅವನ ಮಾವ ಇತ್ರೋ ಬರುತ್ತಾನೆ. ಅಳಿಯನ ಶ್ರಮವನ್ನು ಹೊಗಳಬಹುದಿತ್ತು, ಹೊಗಳಲಿಲ್ಲ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ನಿನ್ನ ಜೊತೆಯ ಜನರೂ ಬಳಲುತ್ತಾರೆ ಎಂದು ನೇರವಾಗಿ ಹೇಳಿದ. ಸಾವಿರ ಜನಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ನಂಬಿಗಸ್ತರನ್ನು ನೇಮಿಸಿಕೋ ಎಂದ. ಗಮನಿಸು: ಆ ಏರ್ಪಾಟಿನ ಕೊನೆಯ ಮೆಟ್ಟಿಲು ಹತ್ತು ಜನ. ಸಮುದ್ರ ದಾಟಿ ಬಂದ ಅಷ್ಟು ದೊಡ್ಡ ಜನಸಮೂಹಕ್ಕೂ ದಾರಿ ತೋರಿಸಿದ್ದು ಹತ್ತು ಮುಖಗಳನ್ನು ಗುರುತಿಟ್ಟುಕೊಂಡ ಒಬ್ಬ ಮನುಷ್ಯ.

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲೂ ಬೆಳವಣಿಗೆಯೇ ಕಷ್ಟ ತಂದಿತು. ಯೆರೂಸಲೇಮಿನ ಸಭೆ ಹೆಚ್ಚಾದಂತೆ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ಗುಣುಗಿದವರ ಬಾಯಿ ಮುಚ್ಚಿಸಲಿಲ್ಲ, ಏಳು ಜನರನ್ನು ಆರಿಸಿರಿ ಎಂದರು. ಆ ಏಳು ಹೆಸರು ಓದು: ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಯಾರ ತಟ್ಟೆ ಬರಿದಾಗಿತ್ತೋ ಅವರ ಕಡೆಯವರ ಕೈಗೇ ಸಭೆ ಸೌಟು ಕೊಟ್ಟಿತು. ಬೇರೆ ಬೇರೆ ಕಡೆ ಸೇರುವ ಸಭೆಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ಬಡಾವಣೆಯ ಹಾಲ್‌ನ ಕಷ್ಟ ಬಡಾವಣೆಯವರಿಗೆ ಗೊತ್ತು, ಹಳ್ಳಿಯ ಕಷ್ಟ ಹಳ್ಳಿಯವರಿಗೆ ಗೊತ್ತು. ಪೇಟೆಯ ದೇವಾಲಯದ ಹಿಂದಿನ ಕೋಣೆಯಲ್ಲಿ ಕೂತ ಕಮಿಟಿ ಮೂರೂ ಕಡೆಯ ತೀರ್ಮಾನ ಮಾಡುವುದಾದರೆ ಹಳ್ಳಿಯ ವಿಧವೆಯ ತಟ್ಟೆ ಮತ್ತೆ ಬರಿದಾಗುತ್ತದೆ.

ಇನ್ನು ಇಂಗ್ಲೆಂಡಿನ ಒಂದು ಸಾಲದ ಕಥೆ ಹೇಳುತ್ತೇನೆ. ಜಾನ್ ವೆಸ್ಲಿ ಎಂಬ ಪ್ರಸಂಗಿಯ ಜನ 1739ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಿದರು. ಸಾಲ ಉಳಿಯಿತು. 1742ರ ಫೆಬ್ರವರಿ 15ರಂದು ಸಾಲ ತೀರಿಸುವ ಬಗೆ ಯೋಚಿಸಲು ಸೇರಿದಾಗ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಬಡವರು ಏನು ಮಾಡಬೇಕು ಎಂದು ಇನ್ನೊಬ್ಬರು ಕೇಳಿದರು. ಆಗ ಫಾಯ್ ಎಂಬ ಹಡಗಿನ ಕಪ್ತಾನ ಎದ್ದುನಿಂತು, ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಬಿಡಿ, ವಾರಕ್ಕೊಮ್ಮೆ ಅವರ ಮನೆಗೆ ನಾನು ಹೋಗುತ್ತೇನೆ, ಅವರಿಂದ ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದ. ಉಳಿದವರೂ ಹಾಗೆಯೇ ಒಪ್ಪಿಕೊಂಡರು. ಹನ್ನೊಂದು ಜನ, ಅವರ ಜೊತೆ ತಾನೊಬ್ಬ, ಸೇರಿ ಹನ್ನೆರಡು.

ಮುಂದೆ ನಡೆದದ್ದು ಯಾರೂ ಎಣಿಸದೇ ಇದ್ದದ್ದು. ಕಾಸು ಕೇಳಲು ಮನೆಮನೆಗೆ ಹೋದವರಿಗೆ ಒಳಗಿನ ಸ್ಥಿತಿ ಕಂಡಿತು. ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಜಗಳ, ಮತ್ತೊಂದರಲ್ಲಿ ಹಾಸಿಗೆ ಹಿಡಿದವರು. ಅವರು ಬಂದು ವೆಸ್ಲಿಗೆ ಹೇಳಿದರು. ತಾನು ಎಷ್ಟೋ ದಿನದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಗೆ ಹೊಳೆಯಿತು. ಸಾಲ ತೀರಿಸಲು ಹುಟ್ಟಿದ ಹನ್ನೆರಡರ ಗುಂಪು ಜನರನ್ನು ಕಾಯುವ ಗುಂಪಾಯಿತು. ಅದಕ್ಕೆ ಕ್ಲಾಸ್ ಎಂದು ಹೆಸರಾಯಿತು, ಅದರ ಹೊಣೆ ಹೊತ್ತವರು ಕ್ಲಾಸ್ ಲೀಡರ್. ಅವರಲ್ಲಿ ಹೆಚ್ಚಿನವರು ದುಡಿದು ತಿನ್ನುವ ಸಾಮಾನ್ಯ ಜನ. ಹೆಣ್ಣುಮಕ್ಕಳೂ ಇದ್ದರು. ಸುಮಾರು ಐವತ್ತು ವರ್ಷ ಊರೂರು ಸುತ್ತಿದ ವೆಸ್ಲಿ ಒಂದು ಊರಿನಲ್ಲಿ ಇರುತ್ತಿದ್ದದ್ದು ವರ್ಷದಲ್ಲಿ ಕೆಲವೇ ದಿನ. ಅವನು ಇಲ್ಲದ ಅಷ್ಟೂ ದಿನ ಅಲ್ಲಲ್ಲಿನ ಸಭೆಗಳು ನಿಂತದ್ದು ಈ ಲೀಡರುಗಳ ಹೆಗಲ ಮೇಲೆ. ಅವನು 1791ರಲ್ಲಿ ತೀರಿಕೊಂಡ ಮೇಲೂ ಅವು ನಿಂತವು.

ಆ ದಾರಿ ನಮ್ಮ ನಾಡಿಗೂ ಬಂದಿದೆ. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಕನ್ನಡದ ಕೆಲಸ ಆರಂಭಿಸಿದರು. ಅದಕ್ಕೆ ಮೂರು ವರ್ಷ ಮೊದಲೇ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಇದ್ದರು. ಅಂದಿನಿಂದ ಇಂದಿನವರೆಗೆ ಕನ್ನಡ ನಾಡಿನ ಎಷ್ಟೋ ಸಭೆಗಳು ಹಲವು ಕಡೆ ಸೇರುವ ಸಭೆಗಳೇ. ಒಂದು ಪಾಸ್ಟರೇಟ್, ಅದರ ಸುತ್ತ ನಾಲ್ಕಾರು ಹಳ್ಳಿಯ ಸಭೆ. ಅಯ್ಯನವರು ಬರುವುದು ಪವಿತ್ರ ಭೋಜನದ ಭಾನುವಾರ, ಮಿಕ್ಕ ದಿನ ಉಪದೇಶಿಯೋ ಸಭಾ ಹಿರಿಯರೋ ನಡೆಸಬೇಕು. ಕರಾವಳಿಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ವಾಳೆಗೆ, ಅಂದರೆ ಒಂದೊಂದು ಮನೆಗಳ ಗುಂಪಿಗೆ, ಒಬ್ಬ ಗುರಿಕಾರರು ಇರುವುದೂ ಇದೇ ಕಾರಣಕ್ಕೆ. ಲಾಟೀನು ಹಿಡಿದು ಕತ್ತಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದುಹೋಗಿ ಪ್ರಾರ್ಥನೆ ನಡೆಸಿದ ಉಪದೇಶಿಗಳ ಮೊಮ್ಮಕ್ಕಳು ನಾವು. ಅವರಲ್ಲಿ ಎಷ್ಟೋ ಜನರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನೀನು ಇಂದು ಹಾಡುವ ಹಾಡು ನಿನ್ನ ತಲೆಮಾರಿಗೆ ತಲುಪಿದ್ದು ಅವರ ಕಾಲ್ನಡಿಗೆಯಿಂದ.

ಇನ್ನೊಂದು ನಿದರ್ಶನ ಕೊರಿಯಾದ್ದು. 1958ರಲ್ಲಿ ಸೋಲ್ ನಗರದ ಅಂಚಿನಲ್ಲಿ, ಯುದ್ಧದ ಗಾಯ ಇನ್ನೂ ಆರದ ಬಡವರ ಕೇರಿಯಲ್ಲಿ, ಇಪ್ಪತ್ತೆರಡು ವರ್ಷದ ಚೋ ಯಾಂಗ್‌ಗಿ ಮತ್ತು ಚೋಯ್ ಜಾ-ಶಿಲ್ ಎಂಬ ತಾಯಿ ಸೇರಿ ಬೆರಳೆಣಿಕೆಯ ಜನರೊಂದಿಗೆ ಒಂದು ಸಭೆ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಸೇರತೊಡಗಿದರು. ಎಲ್ಲವನ್ನೂ ತಾನೇ ಮಾಡುತ್ತಿದ್ದ ಚೋ 1964ರಲ್ಲಿ ಆರಾಧನೆಯ ನಡುವೆಯೇ ಕುಸಿದುಬಿದ್ದರು. ಹಾಸಿಗೆಯಲ್ಲಿ ಮಲಗಿದ್ದಾಗ ಅವರಿಗೆ ಕಂಡದ್ದು ಇತ್ರೋ ಹೇಳಿದ ಅದೇ ದಾರಿ: ಮನೆಮನೆಯಲ್ಲಿ ಸಣ್ಣ ಗುಂಪು, ಗುಂಪಿಗೊಬ್ಬ ಲೀಡರ್. ಗಂಡಸರು ಹಿಂಜರಿದರು. ಹೆಣ್ಣುಮಕ್ಕಳು ಮುಂದೆ ಬಂದರು. ಹೆಂಗಸು ಮುಂದೆ ನಿಂತು ಮಾತಾಡುವುದನ್ನು ಒಪ್ಪದ ಸಮಾಜದಲ್ಲಿ, ಅಡುಗೆ ಮನೆಯ ಕೆಲಸ ಮುಗಿಸಿ, ನೆರೆಮನೆಯವರನ್ನು ಕೂಡಿಸಿಕೊಂಡು ಅವರು ಗುಂಪು ನಡೆಸಿದರು. 1973ರಲ್ಲಿ ಯೊಯಿಡೊ ದ್ವೀಪದ ದೊಡ್ಡ ದೇವಾಲಯಕ್ಕೆ ಹೋದ ಆ ಸಭೆ ಲೋಕದಲ್ಲೇ ಅತಿ ದೊಡ್ಡದೆಂದು ಹೆಸರಾಯಿತು. ಆ ದೊಡ್ಡ ಕಟ್ಟಡವನ್ನು ಜನ ನೋಡುತ್ತಾರೆ. ಅದರ ಅಡಿಪಾಯ ಆ ಹೆಣ್ಣುಮಕ್ಕಳ ನಡುಮನೆಗಳಲ್ಲಿದೆ. ತಂಗೀ, ನಿನ್ನ ಸಭೆಯಲ್ಲಿ ನಿನಗೆ ಹೂವು ಜೋಡಿಸುವ ಕೆಲಸ ಮಾತ್ರ ಕೊಟ್ಟಿದ್ದರೆ ಈ ಕಥೆಯನ್ನು ನೆನಪಿಡು.

ಅದೇ ಸಭೆಯ ಮುಂದಿನ ಸಂಗತಿಯನ್ನೂ ಮುಚ್ಚಿಡಬಾರದು. ಸಭೆಗೆ ಹಣದ ನಷ್ಟ ಉಂಟುಮಾಡಿದರೆಂದು 2014ರಲ್ಲಿ ಅಲ್ಲಿನ ನ್ಯಾಯಾಲಯ ಚೋ ಅವರನ್ನು ಅಪರಾಧಿ ಎಂದಿತು. ಅದೇ ವರ್ಷ ಅಮೆರಿಕದಲ್ಲಿ ಒಂದು ಸಭೆಯೇ ಬಿದ್ದುಹೋಯಿತು. ಸಿಯಾಟಲ್ ನಗರದ ಮಾರ್ಸ್ ಹಿಲ್ ಸಭೆ 1996ರಲ್ಲಿ ಆರಂಭವಾಗಿ ಐದು ರಾಜ್ಯಗಳ 15 ಕಡೆಗೆ ಬೆಳೆದಿತ್ತು. ಒಬ್ಬರೇ ಪ್ರಸಂಗಿ, ಅವರ ಪ್ರಸಂಗವನ್ನು ಎಲ್ಲ ಕಡೆ ಪರದೆಯ ಮೇಲೆ ತೋರಿಸುತ್ತಿದ್ದರು. ಅವರು ಜನರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ದೂರುಗಳು ಎದ್ದವು. 2014ರ ಅಕ್ಟೋಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. 2015ರ ಜನವರಿ 1ರ ಹೊತ್ತಿಗೆ ಮಾರ್ಸ್ ಹಿಲ್ ಎಂಬ ಹೆಸರಿನ ಸಭೆಯೇ ಇರಲಿಲ್ಲ. ಹದಿನೆಂಟು ವರ್ಷ ಕಟ್ಟಿದ್ದು ಮೂರು ತಿಂಗಳಲ್ಲಿ ಮುಗಿಯಿತು. ಒಂದೇ ಗೂಟಕ್ಕೆ ಎಲ್ಲ ಹಗ್ಗ ಕಟ್ಟಿದರೆ ಆ ಗೂಟ ಕಿತ್ತ ದಿನ ಡೇರೆಯೇ ನೆಲಕ್ಕೆ. ಆದರೆ ಆ ಹದಿನೈದರಲ್ಲಿ ಹಲವು ಕಡೆಯ ಜನ ಚೆದುರಲಿಲ್ಲ. ತಮ್ಮ ಊರಿನ ಪಾಲಕರ ಜೊತೆ ನಿಂತು ಸ್ವತಂತ್ರ ಸಭೆಗಳಾಗಿ ಮುಂದುವರಿದರು.

ಅದಕ್ಕೇ ಹೇಳುತ್ತೇನೆ: ನಿನ್ನ ಸಭೆ ನಾಲ್ಕನೆಯ ಜಾಗ ಹುಡುಕುವಾಗ ಮೊದಲು ಹಾಲ್‌ನ ಬಾಡಿಗೆ ಎಷ್ಟೆಂದು ಕೇಳಬಾರದು. ಅಲ್ಲಿ ಹನ್ನೆರಡು ಮನೆ ಹೊರುವ ಮೂರು ಜನ ಇದ್ದಾರೆಯೇ ಎಂದು ಕೇಳಬೇಕು. ಇದ್ದರೆ ಮಾವಿನ ಮರದ ನೆರಳಿನಲ್ಲೂ ಸಭೆ ನಿಲ್ಲುತ್ತದೆ. ಇಲ್ಲದಿದ್ದರೆ ಎಸಿ ಹಾಕಿದ ಹಾಲ್‌ನಲ್ಲೂ ಜನ ಬಂದು ಹಾಡು ಕೇಳಿ ಹೋಗುತ್ತಾರೆ, ಅಷ್ಟೇ.

"ನನಗೆ ಇನ್ನೂ ವಯಸ್ಸಾಗಿಲ್ಲ" ಎನ್ನುತ್ತೀಯಾ? ತಿಮೊಥೆಯ ಕೈಗೆ ಎಫೆಸದಂಥ ದೊಡ್ಡ ಪಟ್ಟಣದ ಸಭೆ ಕೊಟ್ಟಾಗ, ಚಿಕ್ಕವನೆಂದು ಯಾರೂ ಅವನನ್ನು ಕಡೆಗಣಿಸದಂತೆ ನಡೆದುಕೋ ಎಂದು ಪೌಲ ಬರೆಯಬೇಕಾಯಿತು. ಅಜ್ಜಿ ಲೋವಿ, ತಾಯಿ ಯೂನಿಕೆ ಮನೆಯಲ್ಲಿ ಕಲಿಸಿದ ನಂಬಿಕೆಯೇ ಅವನ ಬಂಡವಾಳ. "ನಾನು ಒಮ್ಮೆ ಹೊಣೆ ಹೊತ್ತು ಬಿಟ್ಟುಬಂದವನು" ಎನ್ನುತ್ತೀಯಾ? ಮಾರ್ಕನ ಕಥೆ ಓದು. ಪ್ರಯಾಣದ ನಡುವೆ ಪೌಲನನ್ನು ಬಿಟ್ಟು ಊರಿಗೆ ಹಿಂದಿರುಗಿದ ಹುಡುಗ ಅವನು. ಅವನನ್ನು ಮತ್ತೆ ಕರೆದೊಯ್ಯಬೇಕೇ ಬೇಡವೇ ಎಂದು ಪೌಲನಿಗೂ ಬಾರ್ನಬನಿಗೂ ಜಗಳವೇ ಆಯಿತು. ಬಾರ್ನಬ ಕೈಬಿಡಲಿಲ್ಲ. ಎಷ್ಟೋ ವರ್ಷದ ಮೇಲೆ ಸೆರೆಯಲ್ಲಿದ್ದ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎಂದು ತಿಮೊಥೆಗೆ ಹೇಳಿಕಳುಹಿಸಿದ. ಒಮ್ಮೆ ಬಿಟ್ಟವನು ಮತ್ತೆ ಹಿಡಿಯಬಹುದು. "ನಾನು ಸೆಮಿನರಿ ಓದಿಲ್ಲ" ಎನ್ನುತ್ತೀಯಾ? ಬ್ರಿಸ್ಟಲ್ಲಿನ ಕಪ್ತಾನನೂ ಓದಿರಲಿಲ್ಲ. ವೇದಶಾಸ್ತ್ರ ಓದಿದವರು ಸಭೆಗೆ ಬೇಕು, ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಓದುವ ಕರೆ ನಿನಗಿದ್ದರೆ ಖಂಡಿತ ಹೋಗು. ಆದರೆ ಒಂದು ಮನೆಯ ಬಾಗಿಲು ತಟ್ಟಿ "ಹೇಗಿದ್ದೀರಿ?" ಎಂದು ಕೇಳಲು ಯಾವ ಪದವಿಯೂ ಬೇಡ.

ಈ ಕೆಲಸ ಹೇಗೆ ನಡೆಯುತ್ತದೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಇಪ್ಪತ್ತೆರಡರ ಒಬ್ಬ ಹುಡುಗಿ. ವಾರದ ಆರು ದಿನ ಮೆಷಿನ್ ಮುಂದೆ ಕೂರುತ್ತಾಳೆ. ಅವಳ ಬಳಿ ನೂರು ಪುಟದ ಒಂದು ಶಾಲೆಯ ನೋಟ್‌ಬುಕ್. ಒಂದು ಮನೆಗೆ ನಾಲ್ಕು ಪುಟ. ಮೊದಲ ಸಾಲಿನಲ್ಲಿ ಮನೆಯವರೆಲ್ಲರ ಹೆಸರು, ತೊಟ್ಟಿಲ ಕೂಸಿನದ್ದೂ ಸೇರಿ. ಕೆಳಗೆ ತಾರೀಖು ಹಾಕಿ ಒಂದೊಂದೇ ಸಾಲು: ಯಾರಿಗೆ ಪರೀಕ್ಷೆ, ಯಾರ ಕೆಲಸ ಹೋಯಿತು, ಯಾರ ಮನೆಗೆ ಬಾಣಂತಿ ಬಂದಿದ್ದಾಳೆ. ಒಂದು ಸಂಜೆ ಅವಳ ಜೊತೆ ಒಂದು ಮನೆಗೆ ಹೋಗಿದ್ದೆ. ಒಂಟಿಯಾಗಿರುವ ಅಜ್ಜಿ.

"ಅಜ್ಜಿ, ಮಾತ್ರೆ ತಗೊಂಡ್ರಾ?"

"ಬೆಳಿಗ್ಗೇದು ತಗೊಂಡೆ ಮಗ. ರಾತ್ರೀದು ಮುಗ್ದೋಗೈತೆ."

"ಯಾವತ್ತು ಮುಗೀತು?"

"ಮೊನ್ನೇನೇ. ನಿಂಗ್ಯಾಕೆ ತೊಂದ್ರೆ ಅಂತ ಸುಮ್ನಿದ್ದೆ."

ಹುಡುಗಿ ಖಾಲಿ ಮಾತ್ರೆ ಹಾಳೆಯ ಮೇಲಿನ ಹೆಸರು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಅಜ್ಜಿಗೆ ಒಂದು ಕೀರ್ತನೆ ಓದಿದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಬಾಯಿಪಾಠ ಬರುತ್ತದೆ. ಓದುವವಳ ಜೊತೆ ತುಟಿ ಆಡುತ್ತಿತ್ತು. ಮರುದಿನ ಸಂಜೆ ಶಿಫ್ಟ್ ಮುಗಿಸಿ ಬರುವಾಗ ಅವಳು ಮಾತ್ರೆ ತಂದುಕೊಟ್ಟಳು. ಆ ಅಜ್ಜಿ ಪೇಟೆಯ ದೇವಾಲಯಕ್ಕೆ ಹೋಗಿ ಎರಡು ವರ್ಷವಾಗಿದೆ, ಮಂಡಿ ಕೇಳುವುದಿಲ್ಲ. ಆದರೆ ತಾನು ಸಭೆಯ ಹೊರಗಿದ್ದೇನೆ ಎಂದು ಆಕೆಗೆ ಅನ್ನಿಸಿಯೇ ಇಲ್ಲ. ಸಭೆ ಆಕೆಯ ಜಗಲಿಗೆ ಬಂದಿತ್ತು.

ಆ ನೋಟ್‌ಬುಕ್ಕಿನಿಂದ ನಾನು ಕಲಿತದ್ದನ್ನು ನಿನಗೆ ಹೇಳುತ್ತೇನೆ.

ಹೆಸರಿನಿಂದ ಆರಂಭಿಸು. ಪೌಲ ರೋಮಾಪುರದ ಸಭೆಗೆ ಪತ್ರ ಬರೆದಾಗ ಆ ಊರನ್ನೇ ಅವನು ನೋಡಿರಲಿಲ್ಲ. ಆದರೂ ಕೊನೆಯ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಹೆಸರು ಹೇಳಿ ವಂದನೆ ಕಳುಹಿಸುತ್ತಾನೆ. ಪ್ರಿಸ್ಕಳಿಗೂ ಅಕ್ವಿಲನಿಗೂ, ಅವರ ಮನೆಯಲ್ಲಿ ಸೇರುವ ಸಭೆಗೂ. ರೂಫನಿಗೂ, ತನಗೂ ತಾಯಿಯಂತಿದ್ದ ಅವನ ತಾಯಿಗೂ. ರೋಮಿನ ಸಭೆ ಒಂದೇ ಸೂರಿನಡಿ ಸೇರುತ್ತಿರಲಿಲ್ಲ, ಮನೆಮನೆಯಲ್ಲಿ ಸೇರುತ್ತಿತ್ತು. ಅದನ್ನು ಹೊಲಿದ ದಾರವೇ ಆ ಹೆಸರುಗಳ ಪಟ್ಟಿ.

ಕೇಳಿದ ಮಾತನ್ನು ನಿನ್ನಲ್ಲೇ ಇಟ್ಟುಕೋ. ಒಂದು ಮನೆಯ ಕಣ್ಣೀರು ಇನ್ನೊಂದು ಮನೆಯ ಕಾಫಿಯ ಮಾತಾದರೆ ಆ ದಿನವೇ ನಿನ್ನ ಕೆಲಸ ಮುಗಿಯಿತು. ಆ ಹುಡುಗಿ ಜಗಳ, ಸಾಲ, ಸಂಶಯಗಳ ವಿಷಯ ಬರೆಯುವುದೇ ಇಲ್ಲ, ಪ್ರಾರ್ಥನೆಯಲ್ಲಿ ದೇವರಿಗಷ್ಟೇ ಹೇಳಿಬಿಡುತ್ತಾಳೆ. ಆದರೆ ಮಗುವಿಗೋ ಹೆಣ್ಣಿಗೋ ಹಿಂಸೆಯಾಗುತ್ತಿದ್ದರೆ ಅದು ಗುಟ್ಟಲ್ಲ. ನಂಬಿಗಸ್ತ ಹಿರಿಯರ ಬಳಿಗೆ, ಬೇಕಾದರೆ ಪೊಲೀಸರ ಬಳಿಗೆ ಅದನ್ನು ಅಂದೇ ಮುಟ್ಟಿಸಬೇಕು. ಎಲ್ಲ ಕಡೆಯ ಸಂಡೇ ಸ್ಕೂಲಿನಲ್ಲೂ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರುವಂತೆ ನೋಡಿಕೋ.

ಹಣದಲ್ಲಿ ಕನ್ನಡಿಯಂತಿರು. ಮೂರು ಕಡೆಯ ಕಾಣಿಕೆಯನ್ನು ಆಯಾ ಕಡೆಯಲ್ಲೇ, ಅಂದೇ, ಇಬ್ಬರು ಕೂತು ಎಣಿಸಲಿ. ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಲಿ. ಮುಂದಿನ ಭಾನುವಾರ ಮೊತ್ತವನ್ನು ಸಭೆಯ ಮುಂದೆ ಓದಲಿ. ಹಳ್ಳಿಯ ಸಭೆಯ ಕಾಣಿಕೆ ಇಪ್ಪತ್ತೇಳು ರೂಪಾಯಿ ಆಗಿದ್ದರೂ ಗಟ್ಟಿಯಾಗಿ ಓದಲಿ. ಕೂಲಿಯಿಂದ ಉಳಿಸಿ ಕೊಟ್ಟವರಿಗೆ ತಮ್ಮ ಕಾಸು ಎಲ್ಲಿ ಹೋಯಿತೆಂದು ತಿಳಿಯುವ ಹಕ್ಕಿದೆ. ದೊಡ್ಡ ದೊಡ್ಡ ಸಭೆಗಳೂ ಈ ಕಲ್ಲಿಗೆ ಎಡವಿವೆ.

ಭಾಷೆಯನ್ನು ಪ್ರೀತಿಸು. 1831ರ ಹೊತ್ತಿಗೇ ಬಳ್ಳಾರಿಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಬಂದಿತ್ತು. ಅದನ್ನು ತಡವರಿಸದೆ, ಅರ್ಥ ತಿಳಿದು, ಗಟ್ಟಿಯಾಗಿ ಓದುವುದನ್ನು ಅಭ್ಯಾಸ ಮಾಡು. ಬಡಾವಣೆಯಲ್ಲಿ ತಮಿಳು ಮನೆಯಿದ್ದರೆ, ತೆಲುಗು ಮನೆಯಿದ್ದರೆ ನಾಲ್ಕು ಮಾತು ಕಲಿ. ನೋವು ಬಂದಾಗ ಮನುಷ್ಯ ತಾಯಿನುಡಿಯಲ್ಲೇ ಅಳುವುದು. ಹಲವು ಕಡೆ ಸೇರುವವರು ಆಗಾಗ ಒಂದೇ ಕಡೆ ಸೇರುವುದನ್ನೂ ಬಿಡಬೇಡ. ಸುಗ್ಗಿ ಹಬ್ಬಕ್ಕೆ ಹಳ್ಳಿಯವರ ಕುಂಬಳಕಾಯಿಯೂ ಬಡಾವಣೆಯವರ ಕೇಕೂ ಒಂದೇ ಮೇಜಿನ ಮೇಲೆ ಕೂರಲಿ, ಊಟದ ಪಂಕ್ತಿಯಲ್ಲಿ ಮೂರೂ ಕಡೆಯವರು ಬೆರೆತು ಕೂರಲಿ. ದೇವಾಲಯದ ಬೆಂಚಿನಲ್ಲೂ ಸಮಾಧಿಯ ನೆಲದಲ್ಲೂ ಜಾತಿ ಹುಡುಕುವ ಹಳೆಯ ಕಾಯಿಲೆ ಎಲ್ಲಾದರೂ ಉಳಿದಿದ್ದರೆ ಅದರ ಬೇರು ಕೀಳುವ ಕೆಲಸ ನಿನ್ನ ತಲೆಮಾರಿನದು.

ಕೊನೆಯದಾಗಿ, ನಿನ್ನ ಜಾಗಕ್ಕೆ ಇನ್ನೊಬ್ಬರನ್ನು ಇಂದೇ ಬೆಳೆಸು. ಆ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮನೆಯ ವಿವರವಿರಲಿಲ್ಲ. ಪಿಯುಸಿ ಓದುವ ಒಬ್ಬ ಹುಡುಗಿಯ ಹೆಸರಿತ್ತು, ಅಷ್ಟೇ. "ಇದ್ಯಾಕಮ್ಮ?" ಎಂದೆ. "ನಂಗೆ ಮದುವೆ ಆಗಿ ಬೇರೆ ಊರಿಗೆ ಹೋದ್ರೆ ಈ ಹನ್ನೆರಡು ಮನೆ ಯಾರ್ ನೋಡ್ಕೋತಾರೆ ಅಣ್ಣ? ಅದಕ್ಕೇ ಈಗ್ಲಿಂದ ಜೊತೇಲಿ ಕರ್ಕೊಂಡು ಹೋಗ್ತಿದೀನಿ" ಎಂದಳು. ಕೇಳಿಸಿಕೊಂಡದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಎಂದು ಪೌಲ ತಿಮೊಥೆಗೆ ಹೇಳಿದ್ದನ್ನು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ. ಅದರ ಅರ್ಥ ಕಣ್ಣಿಗೆ ಕಂಡದ್ದು ಆ ಪುಟದಲ್ಲಿ.

ಸಭೆಯ ಹಿರಿಯರಿಗೂ ಒಂದು ಮಾತು. ದೊಡ್ಡವರೇ, ಕ್ರಿಸ್ಮಸ್ ನಕ್ಷತ್ರ ಕಟ್ಟಲು, ಬೆಂಚು ಎತ್ತಿಡಲು ಮಾತ್ರ ನಮ್ಮ ಮಕ್ಕಳನ್ನು ಕರೆಯಬೇಡಿ. ಅವರ ಕೈಗೆ ಮನುಷ್ಯರನ್ನು ಒಪ್ಪಿಸಿ. ತಪ್ಪು ಮಾಡಿದರೆ ಬಾರ್ನಬನಂತೆ ಪಕ್ಕದಲ್ಲಿ ನಿಂತು ತಿದ್ದಿ. ಕಮಿಟಿಯಲ್ಲಿ ಅವರಿಗೊಂದು ಕುರ್ಚಿ ಇರಲಿ, ಅವರ ಮಾತಿಗೆ ಬೆಲೆ ಇರಲಿ. ಹೊಣೆ ಕೊಡದೆ ಬೆಳೆಸಿದ ಮಕ್ಕಳು ಸಭೆಯಲ್ಲಿ ಅತಿಥಿಗಳಾಗುತ್ತಾರೆ, ಅತಿಥಿಗಳು ಒಂದು ದಿನ ಎದ್ದು ಹೋಗುತ್ತಾರೆ.

ತಮ್ಮಾ, ತಂಗೀ, ಈ ಭಾನುವಾರ ನಿನ್ನ ಸಭೆಯಲ್ಲೂ ಯಾರೋ ಒಬ್ಬರು ಮೆಟ್ಟಿಲ ಬಳಿ ಕಂಬಿ ಹಿಡಿದು ನಿಂತಿರುತ್ತಾರೆ. ಅಯ್ಯನವರಿಗೆ ಮುಂದಿನ ಆರಾಧನೆಗೆ ಹೊತ್ತಾಗಿರುತ್ತದೆ. ನಿನ್ನ ಕೈಯಲ್ಲಿರುವ ವೈರನ್ನು ಕೆಳಗಿಡು. ಹತ್ತಿರ ಹೋಗಿ ಹೆಸರು ಕೇಳು. ಬರುವ ವಾರ ಸಭಾಪಾಲಕರನ್ನು ಕಂಡು, "ಅಯ್ಯನವರೇ, ನನಗೆ ಹನ್ನೆರಡು ಮನೆ ಒಪ್ಪಿಸಿ" ಎಂದು ಹೇಳು. ಒಂದು ನೋಟ್‌ಬುಕ್ ಕೊಂಡುಕೋ. ಮೊದಲ ಪುಟದಲ್ಲಿ ಆ ತಾಯಿಯ ಹೆಸರು ಬರೆ.